ನಾಡವನು ಯಾರು?
(ದೇಗಾಂವದಲ್ಲಿ ಮಾಡಿದ ಭಾಷಣ)



ಈ ಊರಿನ ಕಮಲನಾರಾಯಣ ದೇವಾಲಯವನ್ನು 12ನೆಯ ಶತಮಾನದಲ್ಲಿ ಕಟ್ಟಿಸಿದವಳು ಗೋವೆಯ ಕದಂಬರ ಅರಸನಾದ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ. ಅಂದು ಗೋವೆಯ ಕಡಲತಡಿಯೂ ಕಿತ್ತೂರಿನ ಈ ನೆಲವೂ ಒಂದೇ ಆಳಿಕೆಯಲ್ಲಿದ್ದುವು; ಇಂದು ಅವು ಎರಡು ರಾಜ್ಯಗಳು. ಹೀಗೆ ಗಡಿಗಳು ಸರಿಯುತ್ತಿರುವಾಗ ನಾಡವನು ಯಾರು, ಹೊರಗಿನವನು ಯಾರು ಎಂಬುದನ್ನು ನಾವು ವಿಚಾರಿಸಲೇಬೇಕು.

1956ರ ವರೆಗೆ ನಮ್ಮ ಬೆಳಗಾಂವಿ ಜಿಲ್ಲೆಯು ಮುಂಬಯಿ ಆಡಳಿತಕ್ಕೆ ಸೇರಿತ್ತು. ನಮ್ಮ ಹಿರಿಯರು ತಮ್ಮ ನೆಲದಲ್ಲಿಯೇ ಪರಕೀಯರಂತೆ ಬಾಳಿದರು. ಆ ನೋವಿನಿಂದಲೇ ಏಕೀಕರಣದ ಹಂಬಲವು ಬಲಿಯಿತು. ಆದುದರಿಂದ, ಕನ್ನಡನಾಡಿನಲ್ಲಿ ಕನ್ನಡಿಗನಿಗೆ ಉದ್ಯೋಗ ದೊರೆಯಬೇಕೆಂಬ ಕೂಗನ್ನು ಸಂಕುಚಿತವೆಂದು ಹಳಿಯುವುದು ನ್ಯಾಯವಲ್ಲ.

2024ರ ಜುಲೈ ತಿಂಗಳಲ್ಲಿ ನಮ್ಮ ಮಂತ್ರಿಮಂಡಲವು ಒಂದು ಮಸೂದೆಗೆ ಒಪ್ಪಿಗೆಯಿತ್ತಿತು. ಖಾಸಗಿ ಉದ್ಯಮಗಳ ಮೇಲ್ವಿಚಾರಣೆಯ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ 70 ಸ್ಥಳೀಯರಿಗೆ ಮೀಸಲು ಎಂದು ಅದರ ವಿಧಿ. ಉದ್ಯಮಿಗಳು ಕೂಗೆಬ್ಬಿಸಲು ಕೆಲವೇ ದಿನಗಳಲ್ಲಿ ಸರಕಾರವು ಅದನ್ನು ತಡೆಹಿಡಿಯಿತು. ಸ್ಥಳೀಯನೆನಿಸಲು ಅದು ಮೂರನ್ನು ಕೇಳಿತ್ತು: ಇಲ್ಲಿಯ ಜನನ, 15 ವರ್ಷಗಳ ವಾಸ, ಕನ್ನಡದ ಮಾತು-ಓದು-ಬರಹ. ಕೊನೆಯ ಎರಡನ್ನು ನಾವು ಮನಃಪೂರ್ವಕವಾಗಿ ಒಪ್ಪುವೆವು, ಮೊದಲನೆಯದನ್ನು ಒಪ್ಪಲಾರೆವು.

ಏಕೆ? ನಮ್ಮವರೂ ಹೊಟ್ಟೆಯ ಪಾಡಿಗೆ ಹೊರನಾಡಿಗೆ ಹೋದವರೇ. 2004ರಲ್ಲಿ ಗೋವೆಯ ಬೈನಾ ಕಡಲತಡಿಯ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರೂ ಇದ್ದರು. ಅವರ ಕಣ್ಣೀರು ನಮ್ಮ ಕರುಳನ್ನು ಚುಚ್ಚಿತಲ್ಲವೇ? ಇಲ್ಲಿ ಹುಟ್ಟನ್ನೇ ಅಳತೆಗೋಲಾಗಿಸಿದರೆ, ಅಲ್ಲಿ ದಶಕಗಟ್ಟಲೆ ದುಡಿದ ನಮ್ಮವರ ಪರವಾಗಿ ಯಾವ ಬಾಯಿಂದ ನ್ಯಾಯ ಕೇಳೋಣ?

ಹುಟ್ಟೇ ಕನ್ನಡತನವಾಗಿದ್ದರೆ, ಜರ್ಮನಿಯಲ್ಲಿ ಹುಟ್ಟಿ 1894ರಲ್ಲಿ ನಮಗೆ ನಿಘಂಟನ್ನಿತ್ತ ಕಿಟೆಲ್ ಸಾಹೇಬರನ್ನು ಎಲ್ಲಿಡೋಣ? ಮನೆಮಾತು ಮರಾಠಿಯಾಗಿದ್ದೂ ಕನ್ನಡದ ವರಕವಿಯಾದ ಧಾರವಾಡದ ಬೇಂದ್ರೆಯವರನ್ನು ಯಾರೆನ್ನೋಣ? ಹುಟ್ಟು ಯಾರ ಕೈಯಲ್ಲಿಯೂ ಇಲ್ಲ. ಕಲಿಕೆಯು ಎಲ್ಲರ ಕೈಯಲ್ಲಿದೆ.

ಆದರೆ ಕಲಿಯೆಂದು ಹೇಳಿ ಸುಮ್ಮನಿದ್ದರೆ ಸಾಲದು. ಬಂದವನಿಗೆ ಕನ್ನಡ ಕಲಿಸುವ ಸಂಜೆಯ ಶಾಲೆಗಳು ಕಾರಖಾನೆಗಳ ಬಳಿಯಲ್ಲಿ, ಕೂಲಿಕಾರರ ಕೇರಿಗಳಲ್ಲಿ ಏಳಬೇಕು. ಅದರ ವೆಚ್ಚವನ್ನು ಸರಕಾರವೂ ಉದ್ಯಮಿಗಳೂ ಹೊರಲಿ. ಕಲಿಸುವ ಶ್ರಮವನ್ನು ನಾವು ಹೊರೋಣ. ಕಲಿತು ನೆಲೆನಿಂತವನನ್ನು ಆ ಮೇಲೆ ‘ನಿನ್ನ ಹುಟ್ಟೂರು ಯಾವುದು?’ ಎಂದು ಕೇಳದಿರೋಣ.

ನಮ್ಮ ಹಿರಿಯರು ಹರಿದು ಹಂಚಿದ ನಾಡನ್ನು ಕೂಡಿಸಿದರು. ಕೂಡಿದ ನಾಡಿನಲ್ಲಿ ಜನರನ್ನು ಕೂಡಿಸುವ ಹೊಣೆಯು ನಮ್ಮದು. ಅದನ್ನು ನಾವು ಹೊತ್ತೇವೆಂದು ಈ ದೇಗುಲದ ಮುಂದೆ ಸಂಕಲ್ಪ ಮಾಡೋಣ.