ಒಂದೇ ಕೀಲಿಕೈ ಎಲ್ಲ ಬಾಗಿಲಿಗೂ ಬರುವುದಿಲ್ಲ!

(ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕನ್ನಡ ಯುವಕ ಯುವತಿಯರ ಸಭೆಯಲ್ಲಿ ಗೋಕಾಕದ ಮುದ್ರಣಾಲಯವೊಂದರ ಮಾಲೀಕರು ಆಡಿದ ಮಾತುಗಳು. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯ ತರುಣರಿಗೂ ಬೇಕಾದ ವಿಷಯವಾದ್ದರಿಂದ ಇಲ್ಲಿ ಕೊಟ್ಟಿದ್ದೇವೆ.)



ಈ ನೆಲದಲ್ಲಿ ಕನ್ನಡಿಗರಿಗೆ ಕೆಲಸ ಕೊಡಿ ಎಂದು ನಾವು ಕೂಗುತ್ತಾ ಬಂದು ಎಷ್ಟು ವರ್ಷವಾಯಿತು? ಸರೋಜಿನಿ ಮಹಿಷಿಯವರ ಸಮಿತಿ 1986ರಲ್ಲಿ ಅಂತಿಮ ವರದಿ ಕೊಟ್ಟಿತು. ಅದರಲ್ಲಿ ಇದ್ದದ್ದು 58 ಶಿಫಾರಸು, ಸರ್ಕಾರ ಒಪ್ಪಿಕೊಂಡದ್ದು 45. ಒಪ್ಪಿಕೊಂಡದ್ದೆಲ್ಲ ಜಾರಿಯಾಯಿತೇ? 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದ ಹುದ್ದೆಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗದ್ದಲ ಎಬ್ಬಿಸಿದರು. ಅದೇ ವಾರ ಸರ್ಕಾರ ಅದನ್ನು ತಡೆಹಿಡಿಯಿತು!

ಆಗ ಉದ್ಯಮಿಗಳ ಕಡೆಯಿಂದ ಕೇಳಿಬಂದ ಮಾತು ಒಂದೇ: "ಯೋಗ್ಯ ಸ್ಥಳೀಯರು ಸಿಗುವುದಿಲ್ಲ." ಈ ನೆಪವನ್ನು ಮುರಿಯುವುದು ಹೇಗೆ? ಬೀದಿಯಲ್ಲಿ ಘೋಷಣೆ ಬೇಕು, ನಿಜ. ಅದರ ಜೊತೆಗೆ ಅವರ ಮೇಜಿನ ಮೇಲೆ ನಮ್ಮ ಹುಡುಗರ ಕಾಗದವೂ ಇರಬೇಕು. ಓದಿದವನು "ಇವನು ಯೋಗ್ಯನಲ್ಲ" ಎನ್ನಲು ಬಾಯಿ ಬರದಂಥ ಕಾಗದ. ಅದಕ್ಕೇ ಇವತ್ತು ರೆಸ್ಯೂಮ್ ಬಗ್ಗೆ ಮಾತಾಡುತ್ತೇನೆ.

ಎಲ್ಲಾದಕ್ಕೂ ನಡಿಬೇಕ್ರಿ!

ನಮ್ಮ ಪ್ರೆಸ್ಸಿಗೆ ಹುಡುಗರು ಬರುತ್ತಾರೆ. "ಅಣ್ಣಾರ, ಒಂದು ರೆಸ್ಯೂಮ್ ಹೊಡದ ಕೊಡ್ರಿ." "ಯಾವ ಕೆಲಸಕ್ಕಪಾ?" "ಎಲ್ಲಾದಕ್ಕೂ ನಡಿಬೇಕ್ರಿ, ಇಪ್ಪತ್ತು ಕಾಪಿ ತೆಗೀರಿ." ಗೆಳೆಯನ ಕಾಗದ ಕೊಟ್ಟು ಹೆಸರು, ವಿಳಾಸ ಅಷ್ಟೇ ಬದಲಿಸಿ ಎನ್ನುವವರೂ ಇದ್ದಾರೆ. ಆ ಕಾಗದದ ತಲೆಯಲ್ಲಿ ನಾಲ್ಕು ಸಾಲು ಭಾರೀ ಇಂಗ್ಲಿಷ್. ಅದರ ಅರ್ಥ ಕೇಳಿದರೆ ತಂದವನಿಗೂ ಗೊತ್ತಿಲ್ಲ. ಸಂದರ್ಶನದಲ್ಲಿ ಸಾಹೇಬ ಅದೇ ನಾಲ್ಕು ಸಾಲಿನ ಬಗ್ಗೆ ಕೇಳಿದರೆ ಗತಿಯೇನು? ನೆನಪಿಡಿ, ಬಾಯಿಂದ ಹೇಳಲಾಗದ ಮಾತನ್ನು ಕಾಗದದ ಮೇಲೆ ಹಾಕಬಾರದು.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಬಯೋಡಾಟಾ ಎಂದರೆ ತಂದೆಯ ಹೆಸರು, ಹುಟ್ಟಿದ ದಿನ, ಜಾತಿ, ಎತ್ತರ ಬರೆಯುವ ಕಾಗದ. ಇವತ್ತು ಅದು ಹೆಚ್ಚಾಗಿ ಬೇಕಾಗುವುದು ಕನ್ಯೆ ನೋಡಲಿಕ್ಕೆ! ರೆಸ್ಯೂಮ್ ಫ್ರೆಂಚ್ ಮೂಲದ ಮಾತು, ಸಾರಾಂಶ ಎಂದರ್ಥ. ಒಂದು ಪುಟ, ಹೆಚ್ಚೆಂದರೆ ಎರಡು. ಸಿ.ವಿ. ಲ್ಯಾಟಿನ್ ಮಾತಿನ ಮೊಟಕು ರೂಪ. ಓದು, ಸಂಶೋಧನೆ, ಪ್ರಕಟಣೆ ಎಲ್ಲವನ್ನೂ ಬಿಡದೆ ಹೇಳುವ ಉದ್ದದ ಕಾಗದ. ಕಾಲೇಜು ಉಪನ್ಯಾಸಕರಾಗುವವರಿಗೆ, ಸಂಶೋಧಕರಿಗೆ ಅದು ಬೇಕು. ಐ.ಟಿ.ಐ., ಡಿಪ್ಲೊಮಾ, ಬಿ.ಕಾಂ. ಮುಗಿಸಿದವರಿಗೆ ರೆಸ್ಯೂಮ್ ಸಾಕು.

ಮೂರು ಬಗೆ, ಮೂರು ಬಾಗಿಲು

ರೆಸ್ಯೂಮಿನಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಕಾಲಕ್ರಮದ್ದು. ಈಗಿನ ಕೆಲಸ ಮೇಲೆ, ಹಿಂದಿನವು ಕೆಳಗೆ, ಪ್ರತಿಯೊಂದಕ್ಕೂ ತಿಂಗಳು ವರ್ಷ. ಒಂದೇ ಕಸುಬಿನಲ್ಲಿ ನೇರವಾಗಿ ನಡೆದು ಬಂದವರಿಗೆ ಇದು ಸರಿ. ಹುಕ್ಕೇರಿ ತಾಲೂಕಿನ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತವೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಮಷಿನ್ ಶಾಪ್‌ಗಳಿವೆ. ಅಂಥಲ್ಲಿ ಟರ್ನರ್ ಅಥವಾ ಮೆಷಿನಿಸ್ಟ್ ಆಗಿ ಅರ್ಜಿ ಹಾಕುವವನು "ನಾನು ಶ್ರಮಜೀವಿ, ಪ್ರಾಮಾಣಿಕ" ಎಂದು ಬರೆದು ಪ್ರಯೋಜನವಿಲ್ಲ. ಯಾವ ಟ್ರೇಡ್, ಎಲ್ಲಿ ಎಷ್ಟು ತಿಂಗಳು ಅಪ್ರೆಂಟಿಸ್, ಯಾವ ಮಷಿನ್ ನಡೆಸಿದ್ದೀರಿ, ಡ್ರಾಯಿಂಗ್ ಓದಲು ಬರುತ್ತದೆಯೇ, ಮೈಕ್ರೋಮೀಟರ್ ಹಿಡಿದು ಅಳತೆ ತೆಗೆಯುತ್ತೀರಾ? ಅವರು ಹುಡುಕುವುದು ಇದನ್ನು.

ಎರಡನೆಯದು ಕೌಶಲ್ಯ ಮುಂದಿಟ್ಟು ಬರೆಯುವುದು. ಎಲ್ಲಿ ಎಷ್ಟು ವರ್ಷ ಎಂಬುದಕ್ಕಿಂತ ಏನು ಬರುತ್ತದೆ ಎಂಬುದು ಮೇಲೆ. ಸಂಬಳದ ಕೆಲಸ ಮಾಡದವರಿಗೆ, ನಡುವೆ ವರ್ಷಗಳ ಬಿಡುವಾದವರಿಗೆ ಇದು ಆಸರೆ. ಸ್ವಸಹಾಯ ಸಂಘದ ಲೆಕ್ಕ ಐದಾರು ವರ್ಷ ಬರೆದ ತಂಗಿಯೊಬ್ಬಳು "ನಾ ಏನೂ ಕೆಲಸ ಮಾಡಿಲ್ರಿ" ಎನ್ನುತ್ತಾಳೆ. ಅಲ್ಲವ್ವಾ! ಇಪ್ಪತ್ತು ಮಂದಿಯ ಉಳಿತಾಯ, ಸಾಲ, ಬಡ್ಡಿ ಬರೆದಿದ್ದೀ, ಬ್ಯಾಂಕಿಗೆ ಹೋಗಿ ವ್ಯವಹಾರ ಮಾಡಿದ್ದೀ. ಅದು ಕೆಲಸವಲ್ಲದೆ ಮತ್ತೇನು? ಅದನ್ನೇ ಮೊದಲ ಸಾಲಿನಲ್ಲಿ ಬರಿ. ಆದರೆ ಎಚ್ಚರ. ತಾರೀಖೇ ಇಲ್ಲದ ಕಾಗದ ಕಂಡರೆ ಕೆಲಸ ಕೊಡುವವನಿಗೆ ಏನೋ ಮುಚ್ಚಿಟ್ಟಿದ್ದಾರೆ ಎಂಬ ಅನುಮಾನ ಬರುತ್ತದೆ.

ಮೂರನೆಯದು ಮಿಶ್ರ. ಮೇಲೆ ನಾಲ್ಕೈದು ಕೌಶಲ್ಯ, ಕೆಳಗೆ ತಾರೀಖಿನ ಪಟ್ಟಿ. ನಮ್ಮ ಭಾಗದ ಬಹಳ ಹುಡುಗರಿಗೆ ಒಪ್ಪುವುದು ಇದೇ. ಯಾಕೆ? ನಮ್ಮದು ಕಬ್ಬಿನ ನಾಡು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು ಇರುವವರೆಗೆ ಕೆಲಸ, ಆಮೇಲೆ ಮನೆ. ಆ ಬಿಡುವಿನಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಮೋಟಾರ್ ರಿಪೇರಿ ಮಾಡುತ್ತಾನೆ. ಬರೀ ಕಾಲಕ್ರಮದಲ್ಲಿ ಬರೆದರೆ ಎಲ್ಲೂ ನಿಲ್ಲದವನಂತೆ ಕಾಣುತ್ತಾನೆ. ಅದಕ್ಕೆ "ಮೂರು ಹಂಗಾಮು, ಬಾಯ್ಲರ್ ವಿಭಾಗದಲ್ಲಿ ಸಹಾಯಕ, ಹಂಗಾಮಿನ ನೌಕರಿ" ಎಂದು ಸ್ಪಷ್ಟವಾಗಿ ಬರೆಯಿರಿ. ಅದೇ ಕಾರ್ಖಾನೆ ಮೂರು ಸಲ ಕರೆದಿದೆ ಎಂದರೆ ಅದು ಹೊಗಳಿಕೆ, ಕೊರತೆಯಲ್ಲ.

ರೆಸ್ಯೂಮ್ ಬೇಡವಾದ ಬಾಗಿಲು

ಸರ್ಕಾರಿ ಕೆಲಸಕ್ಕೆ ರೆಸ್ಯೂಮ್ ಕೇಳುವುದಿಲ್ಲ. ಅಲ್ಲಿ ಅರ್ಜಿ, ಪ್ರಮಾಣಪತ್ರ, ಪರೀಕ್ಷೆ. ರಾಜ್ಯದ ನೇರ ನೇಮಕಾತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5, ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 25 ಮೀಸಲಾತಿ ಇದೆ. ಒಂದರಿಂದ ಹತ್ತನೇ ತರಗತಿಯವರೆಗೆ ಹಾಗೆ ಓದಿದ್ದಕ್ಕೆ ಮುಖ್ಯೋಪಾಧ್ಯಾಯರ ಸಹಿ, ಬಿ.ಇ.ಓ. ಮೇಲುಸಹಿ ಇರುವ ಪ್ರಮಾಣಪತ್ರ ಬೇಕು. ಅಧಿಸೂಚನೆ ಬಂದ ಮೇಲೆ ಓಡಾಡಬೇಡಿ, ಈಗಲೇ ನಿಯಮ ಕೇಳಿ ತಯಾರಾಗಿರಿ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆ ಕನ್ನಡದಲ್ಲೂ ನಡೆಯುತ್ತದೆಂದು 2019ರಲ್ಲಿ ಕೇಂದ್ರ ಹೇಳಿತು. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಗೆ 2024ರಿಂದ ಕನ್ನಡ ಸೇರಿತು. ಹೋರಾಡಿ ಪಡೆದ ಹಕ್ಕು ಇದು. ಅರ್ಜಿಯಲ್ಲಿ ಭಾಷೆ ಆರಿಸುವ ಜಾಗದಲ್ಲಿ ಕನ್ನಡವನ್ನು ಆರಿಸದಿದ್ದರೆ ಆ ಹೋರಾಟಕ್ಕೆ ಏನರ್ಥ?

ಕನ್ನಡವನ್ನು ಅಡಗಿಸಬೇಡಿ

ಈಗ ಮುಖ್ಯ ಮಾತು. ನಮ್ಮ ಹುಡುಗರು ಬೆಂಗಳೂರಿಗೆ ಹೋಗುವಾಗ ಕನ್ನಡ ಮಾಧ್ಯಮ ಎಂಬುದನ್ನು ಮರೆಮಾಚುತ್ತಾರೆ. ಭಾಷೆಗಳ ಸಾಲಿನಲ್ಲಿ ಇಂಗ್ಲಿಷ್ ಮೊದಲು, ಹಿಂದಿ ಆಮೇಲೆ, ಕನ್ನಡ ಕಡೆಗೆ. ಯಾಕಪ್ಪಾ ಈ ನಾಚಿಕೆ? ಬ್ಯಾಂಕಿನ ಕೌಂಟರು, ಆಸ್ಪತ್ರೆಯ ಸ್ವಾಗತ ಮೇಜು, ಕಾಲ್ ಸೆಂಟರು, ಟ್ರ್ಯಾಕ್ಟರ್ ಶೋರೂಮು, ಎಲ್ಲೆಡೆ ಗಿರಾಕಿ ಮಾತಾಡುವುದು ಕನ್ನಡ. ಅಲ್ಲಿ ಕನ್ನಡ ಬರುವುದು ಒಂದು ಅರ್ಹತೆ! "ಕನ್ನಡ: ಓದು, ಬರಹ, ಮಾತು, ಟೈಪಿಂಗ್" ಎಂದು ಮೊದಲ ಸಾಲಿನಲ್ಲೇ ಬರೆಯಿರಿ. 2024ರ ಆ ಮಸೂದೆ ಕೂಡ ಸ್ಥಳೀಯ ಎಂದು ಲೆಕ್ಕ ಹಾಕಿದ್ದು ಕನ್ನಡ ಓದಿ ಬರೆದು ಮಾತಾಡಬಲ್ಲವನನ್ನೇ. ಹುಕ್ಕೇರಿ, ಸಂಕೇಶ್ವರದ ಕಡೆಯವರಿಗೆ ಮರಾಠಿಯೂ ಬರುತ್ತದೆ. ಅದನ್ನೂ ಬರೆಯಿರಿ. ಕನ್ನಡವನ್ನು ತಲೆಯ ಮೇಲಿಟ್ಟುಕೊಂಡು ಇನ್ನೊಂದು ಭಾಷೆ ಬಲ್ಲವನು ಬಲಶಾಲಿಯೇ.

ಕಾಗದ ಯಾವ ಭಾಷೆಯಲ್ಲಿರಬೇಕು? ಜಾಹೀರಾತು ಕನ್ನಡದಲ್ಲಿದ್ದರೆ ಕನ್ನಡದಲ್ಲೇ ಕೊಡಿ. ಇಂಗ್ಲಿಷ್ ಕೇಳಿದ್ದರೆ ನಿಮಗೆ ಅರ್ಥವಾಗುವ ಸಣ್ಣ ಸಣ್ಣ ವಾಕ್ಯಗಳ ಇಂಗ್ಲಿಷ್.

ಅಕ್ಷರ ಜೋಡಿಸುವವನಾಗಿ ಒಂದು ಮಾತು. ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲನ್ನು ಹಾಗೇ ಕಳಿಸಿದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ತೆರೆದವನು ಮುಚ್ಚಿಬಿಡುತ್ತಾನೆ! ಯೂನಿಕೋಡಿನಲ್ಲೇ ಟೈಪ್ ಮಾಡಿಸಿ, ಪಿ.ಡಿ.ಎಫ್. ಮಾಡಿಸಿ ಕಳಿಸಿ. ದೊಡ್ಡ ಕಂಪನಿಗಳಲ್ಲಿ ಎಷ್ಟೋ ಕಡೆ ಮೊದಲ ಜರಡಿ ಹಿಡಿಯುವುದು ಕಂಪ್ಯೂಟರು. ಅದಕ್ಕೆ ಬಣ್ಣದ ಚೌಕ, ನಕ್ಷತ್ರ, ಎರಡು ಕಾಲಮ್ಮಿನ ಅಲಂಕಾರ ತಲೆಗೆ ಹತ್ತುವುದಿಲ್ಲ. ಜಾಹೀರಾತಿನಲ್ಲಿ ಕೇಳಿದ ಕೌಶಲ್ಯ ನಿಮ್ಮಲ್ಲಿದ್ದರೆ ಅದೇ ಪದದಲ್ಲಿ ಬರೆಯಿರಿ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಮಾತ್ರ ರೆಸ್ಯೂಮಿನಲ್ಲಿ ಹಾಕಲೇಬೇಡಿ. ಕೆಲಸ ಕೊಡಿಸುತ್ತೇನೆ, ದುಡ್ಡು ಕೊಡು ಎನ್ನುವವನ ಕೈಗೆ ಕಾಗದವನ್ನೂ ಕೊಡಬೇಡಿ.

ಲೆಕ್ಕ ಇಡಿ, ಪ್ರಶ್ನೆ ಕೇಳಿ

ಗೆಳೆಯರೇ, ಕೊನೆಯದಾಗಿ ಸಂಘಟನೆಯ ಮಾತು. ಕೊಟ್ಟ ಪ್ರತಿ ಅರ್ಜಿಯ ಒಂದು ನಕಲು ನಿಮ್ಮಲ್ಲಿರಲಿ. ಯಾವ ದಿನ, ಯಾವ ಹುದ್ದೆಗೆ, ಯಾರ ಕೈಗೆ ಕೊಟ್ಟಿರಿ ಎಂದು ಬರೆದಿಡಿ. ಪ್ರತಿ ಊರಿನಲ್ಲೂ ಇಂಥದೊಂದು ಪಟ್ಟಿ ಇರಲಿ. ನಾಳೆ "ಸ್ಥಳೀಯರು ಅರ್ಜಿಯನ್ನೇ ಹಾಕಲಿಲ್ಲ" ಎಂದು ಯಾರಾದರೂ ಹೇಳಿದರೆ ಆ ಪಟ್ಟಿಯನ್ನು ಮೇಜಿನ ಮೇಲೆ ಇಡೋಣ. ಇಷ್ಟು ಜನ ಟರ್ನರುಗಳು, ಇಷ್ಟು ಜನ ಲೆಕ್ಕ ಬಲ್ಲ ಹೆಣ್ಣುಮಕ್ಕಳು, ಇವರಲ್ಲಿ ಒಬ್ಬರೂ ಯಾಕೆ ಯೋಗ್ಯರಲ್ಲ, ಹೇಳಿ ಎಂದು ಕೇಳೋಣ. ಆಗ ಉತ್ತರ ಕೊಡಬೇಕಾದವರು ಅವರು.

ಕೆಲಸ ಕೇಳುವುದು ಭಿಕ್ಷೆಯಲ್ಲ. ಆದರೆ ಹಕ್ಕು ಕೇಳುವವನ ಕೈಯಲ್ಲಿ ದಾಖಲೆ ಇರಬೇಕು. ನಿಮ್ಮ ಕಾಗದ ನಿಜವಾಗಿರಲಿ, ಬಾಗಿಲಿಗೆ ತಕ್ಕಂತಿರಲಿ, ಅದರಲ್ಲಿ ಕನ್ನಡ ಎದ್ದು ಕಾಣಲಿ.

ಜೈ ಭುವನೇಶ್ವರಿ! ಸಿರಿಗನ್ನಡಂ ಗೆಲ್ಗೆ!