ಕುದುರೆಯಿಂದ ಬಿದ್ದ ಚಕ್ರವರ್ತಿ, ಬದಲಾದ ಸಹಿಗಳು

ಇವತ್ತು ಎರಡೇ ವರ್ಷದ ಅಂತರದಲ್ಲಿ ನಡೆದ ಎರಡು ಸಭೆಗಳ ಕಥೆ.

449, ಎಫೆಸಸ್. ಸಭೆ ಕರೆದವನು ಚಕ್ರವರ್ತಿ ಎರಡನೇ ಥಿಯೊಡೋಸಿಯಸ್, ನಡೆಸಿದವನು ಅಲೆಕ್ಸಾಂಡ್ರಿಯಾದ ಡಯೊಸ್ಕೊರಸ್. ಕ್ರಿಸ್ತನಿಗೆ ಸ್ವಭಾವ ಒಂದೋ, ದೈವ-ಮಾನವ ಅಂತ ಎರಡೋ ಅನ್ನೋದು ಜಗಳ. ಎರಡು ಅಂದ ಕಾನ್‌ಸ್ಟಾಂಟಿನೋಪಲ್‌ನ ಫ್ಲೇವಿಯನ್‌ನನ್ನ ಪದಚ್ಯುತ ಮಾಡಿದ್ರು. ಸ್ವಲ್ಪ ಕಾಲದಲ್ಲೇ ಆತ ತೀರಿಕೊಂಡ.

450ರ ಜುಲೈನಲ್ಲಿ ಚಕ್ರವರ್ತಿ ಕುದುರೆಯಿಂದ ಬಿದ್ದು ಸತ್ತ. ಅವನ ಅಕ್ಕ ಪುಲ್ಕೇರಿಯಾ ಮಾರ್ಸಿಯನ್ ಅನ್ನೋ ಸೇನಾಧಿಕಾರಿಯನ್ನ ಮದುವೆಯಾದಳು, ಅವನೇ ಹೊಸ ಚಕ್ರವರ್ತಿ. 451ರಲ್ಲಿ ಕಾಲ್ಸಿಡನ್‌ನಲ್ಲಿ ಮತ್ತೆ ಸಭೆ, ಈ ಸಲ ಕಲಾಪ ನಡೆಸಿದವರು ಸರ್ಕಾರಿ ಅಧಿಕಾರಿಗಳು. ಹಿಂದೆ ಸಹಿ ಹಾಕಿದ್ದ ಬಿಷಪ್‌ಗಳೇ ಈಗ ಖಾಲಿ ಹಾಳೆ ಮೇಲೆ ಸಹಿ ಹಾಕಿಸಿಕೊಂಡ್ರು ಅಂದ್ರು. ಜೆರುಸಲೇಮಿನ ಜುವೆನಲ್ ಅಂತೂ ಸಭೆ ನಡೀತಿರುವಾಗ್ಲೇ ಎದ್ದು ಎದುರು ಪಕ್ಷಕ್ಕೆ ಹೋಗಿ ಕೂತ. (ಮ್ಯಾನೇಜರ್ ಬದಲಾದ ಮಾರನೇ ದಿನದ ಮೀಟಿಂಗ್ ನೋಡಿದವರಿಗೆ ಇದು ಹೊಸದಲ್ಲ ಬಿಡಿ.) ಡಯೊಸ್ಕೊರಸ್ ಪದವಿ ಹೋಯ್ತು.

ನನಗೆ ಮರೆಯೋಕಾಗದೆ ಇರೋದು ಈಜಿಪ್ಟಿನ 13 ಬಿಷಪ್‌ಗಳು. ಸಹಿ ಹಾಕಿ ಊರಿಗೆ ಹೋದ್ರೆ ನಮ್ಮನ್ನ ಕೊಲ್ತಾರೆ, ಬೇಕಿದ್ರೆ ಇಲ್ಲೇ ಕೊಂದುಬಿಡಿ ಅಂತ ಅಂಗಲಾಚಿದ್ರು. ಕೊನೆಗೆ, ಅಲೆಕ್ಸಾಂಡ್ರಿಯಾಕ್ಕೆ ಹೊಸ ಮುಖ್ಯಸ್ಥ ಬರೋವರೆಗೆ ಕಾನ್‌ಸ್ಟಾಂಟಿನೋಪಲ್ ಬಿಡದೆ ಕಾಯಿರಿ ಅಂತಾಯ್ತು. ಅವರ ಭಯ ನಾಟಕ ಅಲ್ಲ. ಹೊಸ ಮುಖ್ಯಸ್ಥ ಪ್ರೊಟೀರಿಯಸ್ ಪೀಠ ಉಳಿಸಿಕೊಂಡದ್ದೇ ಸೈನ್ಯದ ಬಲದಿಂದ. 457ರಲ್ಲಿ ಮಾರ್ಸಿಯನ್ ಸತ್ತ. ಅದೇ ವರ್ಷ ಗಲಭೆಯಲ್ಲಿ ಪ್ರೊಟೀರಿಯಸ್‌ನ ಕೊಲೆಯಾಯ್ತು.

ಈಜಿಪ್ಟಿನ ಕಾಪ್ಟಿಕ್ ಚರ್ಚು, ಪಕ್ಕದ ಕೇರಳದ ಮಲಂಕರ ಆರ್ಥಡಾಕ್ಸ್ ಚರ್ಚು ಇವತ್ತಿಗೂ ಕಾಲ್ಸಿಡನ್ ತೀರ್ಮಾನ ಒಪ್ಪಿಲ್ಲ.