ಹೊರಗಿನವರು ಯಾರು?

(ಅರಸೀಕೆರೆಯ ಸಭೆಯಲ್ಲಿ ಮಾಡಿದ ಭಾಷಣ)



ಬೇಲೂರಿನ ಕಡೆಯ ಕಾಫಿ ತೋಟಗಳಿಗೆ ಅಸ್ಸಾಮಿನ ಕೂಲಿಗಳು ಬಂದಿದ್ದಾರೆ. "ಹೊರಗಿನವರು ಬಂದು ಜಿಲ್ಲೆಯನ್ನೇ ತುಂಬಿಕೊಂಡರು" ಎಂದು ಕೆಲವರ ಗೊಣಗಾಟ. ನಾವು ಮೊದಲು ಮೇಷ್ಟರಾಗಿದ್ದವರು. ಲೆಕ್ಕ ಬಿಡಿಸುವುದು ಹಳೆಯ ಚಾಳಿ.

ಹಾಸನ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 17,21,669, 2011ರಲ್ಲಿ 17,76,421. ಹತ್ತು ವರ್ಷಕ್ಕೆ ಏರಿದ್ದು ನೂರಕ್ಕೆ 3ರಷ್ಟು. ಇಡೀ ರಾಜ್ಯದಲ್ಲಿ ಏರಿಕೆ ನೂರಕ್ಕೆ 15ನ್ನು ಮೀರಿತು. 2011ರಲ್ಲಿ ಚದರ ಕಿಲೋಮೀಟರಿಗೆ ರಾಜ್ಯದಲ್ಲಿ 319 ಜನ, ನಮ್ಮಲ್ಲಿ 261. ಇದು ತುಂಬಿದ ಜಿಲ್ಲೆಯ ಲೆಕ್ಕವೇ? ಹೆರಿಗೆ ಕಡಿಮೆಯಾದದ್ದು ಒಂದು ಕಾರಣ. ನಮ್ಮ ಹುಡುಗರು ಇದೇ ಅರಸೀಕೆರೆಯಲ್ಲಿ ಬೆಂಗಳೂರಿನ ರೈಲು ಹತ್ತುವುದು ಇನ್ನೊಂದು. ಅಲ್ಲಿ ಅವರೂ ಹೊರಗಿನವರೇ!

ಕಾಫಿ ಹಣ್ಣಾದರೆ ಕೊಯ್ಯಲೇಬೇಕು. ನಮ್ಮವರು ಬಿಟ್ಟುಹೋದ ಕೆಲಸಕ್ಕೆ ಅವನು ಬಂದ. ಅವನನ್ನು ಕಡಿಮೆ ಕೂಲಿಗೆ ದುಡಿಸಿದರೆ ನಾಳೆ ನಮ್ಮ ಕೂಲಿಯೂ ಇಳಿಯುತ್ತದೆ. ಅದು ಬಂದವನ ತಪ್ಪಲ್ಲ, ದುಡಿಸುವವನ ಲಾಭ. ಗುತ್ತಿಗೆದಾರರು ಹೊರರಾಜ್ಯದಿಂದ ಕರೆತಂದ ಕೂಲಿಗೆ, ಅದೇ ಕೆಲಸದ ಸ್ಥಳೀಯನಿಗಿಂತ ಕಡಿಮೆ ಕೊಡಕೂಡದೆಂದು 1979ರಲ್ಲೇ ಪಾರ್ಲಿಮೆಂಟು ಕಾನೂನು ಮಾಡಿತು. ಕಾನೂನು ಕಾಗದದ ಮೇಲಿದ್ದರೆ ಸಾಲದು, ಕೇಳುವವರು ಬೇಕು.

ವ್ಯಾಪಾರಿ ಬಂಧುಗಳೇ, ಸರಿಯಾದ ಕೂಲಿ ಸಿಕ್ಕವನು ಬೇಲೂರು, ಹಳೇಬೀಡಿನ ಅಂಗಡಿಗಳಲ್ಲೇ ಅಕ್ಕಿ, ಉಪ್ಪು ಕೊಳ್ಳುತ್ತಾನೆ. ಜನರ ಕೈ ಬರಿದಾದರೆ ನಿಮ್ಮ ಗಲ್ಲಾಪೆಟ್ಟಿಗೆಯೂ ಬರಿದು.

ಬಂದವನನ್ನು ಓಡಿಸುವುದು ನಮ್ಮ ಕೆಲಸವಲ್ಲ. ಅವನನ್ನು ಸಂಘಕ್ಕೆ ಸೇರಿಸಿಕೊಂಡು, ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂದು ಒಟ್ಟಾಗಿ ಕೇಳೋಣ.